ಪ್ರೊಆಕ್ಟಿವ್ ಅಂದರೆ ಚುರುಕು ಅಲ್ಲ

ತರಬೇತಿಗಳಲ್ಲಿ ನಮಗೆ ಪದೇ ಪದೇ ಕೇಳಿಸುವ ಪದ 'ಪ್ರೊಆಕ್ಟಿವ್'. ಚುರುಕಾಗಿರುವುದಕ್ಕೆ 'ಆ್ಯಕ್ಟಿವ್' ಸಾಕು. ಇದು ಆಗುವ ಮೊದಲೇ ತಾನಾಗಿ ಮುಂದಾಗುವುದು. ಆದ ಮೇಲೆ ಎದ್ದರೆ 'ರಿಯಾಕ್ಟಿವ್'. 1989ರಲ್ಲಿ ಬಂದ ಸ್ಟೀಫನ್ ಕೋವಿಯವರ ಪುಸ್ತಕದ ಏಳು ಅಭ್ಯಾಸಗಳಲ್ಲಿ ಇದೇ ಮೊದಲನೆಯದು. ನಮ್ಮ 'ಮುಂಜಾಗ್ರತೆ' ಹತ್ತಿರದ್ದೇ, ಆದರೆ ಅದರಲ್ಲಿ ಸ್ವಲ್ಪ ಭಯ ಬೆರೆತಿದೆ.

ಕಾಸರಗೋಡಿನ ಕನ್ನಡ ಶಾಲೆಗೆ ಕನ್ನಡ ಬಾರದ ಅಧ್ಯಾಪಕರು ನೇಮಕವಾದಾಗ ನಾವು ಧರಣಿ ಕೂರುತ್ತೇವೆ. ಕೂರಲೇಬೇಕು. ಆದರೆ ಅದು ರಿಯಾಕ್ಟಿವ್. ಗಣಿತದ ಮಾಸ್ತರರು ಯಾವ ವರ್ಷ ನಿವೃತ್ತರಾಗುತ್ತಾರೆಂದು ಶಾಲೆಗೆ ಎಷ್ಟೋ ಮೊದಲೇ ಗೊತ್ತಿರುತ್ತದಲ್ಲ? ನಮ್ಮ ಹಳೆ ವಿದ್ಯಾರ್ಥಿಗಳನ್ನು ಅಷ್ಟರೊಳಗೆ ಬಿ.ಎಡ್.ಗೆ, ಕೆ-ಟೆಟ್‌ಗೆ ಸಿದ್ಧಮಾಡಬಾರದೇ? ಹುದ್ದೆ ಖಾಲಿಯಾಗುವ ಮುಂಚೆಯೇ ಪಿಟಿಎ ಮನವಿ ಹೋಗಬಾರದೇ? ಜೂನ್‌ನ ಮೊದಲ ಸಭೆಯಲ್ಲೇ ನಿವೃತ್ತಿಯ ಪಟ್ಟಿ ಬರೆದಿಡೋಣ.