ಎರಡನೆಯ ಜಾಯ್‌ಸ್ಟಿಕ್

1998 ವಿಡಿಯೋ ಗೇಮುಗಳ ಸುಗ್ಗಿಯ ವರ್ಷವಂತೆ. ಆ ವರ್ಷದ ಶ್ರೇಷ್ಠ ಆಟ ಜಪಾನಿನ ‘ಜೆಲ್ಡಾ’ವೋ, ಅಮೆರಿಕದ ‘ಹಾಫ್ ಲೈಫ್’ಓ ಎಂದು ಬಲ್ಲವರು ಇಂದಿಗೂ ಜಗಳಾಡುತ್ತಾರೆ. ಚಿತ್ರ ಹೇಗಿದೆ, ಕತೆ ಹೇಗಿದೆ ಎಂದು ಅಳೆಯುತ್ತಾರೆ. ಆಟ ಯಾರ ಕೈಗೆ ಸಿಕ್ಕಿತು ಎಂದು ಮಾತ್ರ ಕೇಳುವುದಿಲ್ಲ.

ಆ ವರ್ಷ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ನಮ್ಮ ಬೀಗರು ನೆಂಟರ ಮನೆಗಳಲ್ಲಿ ನಾನು ಕಂಡದ್ದು ಟಿ.ವಿ.ಗೆ ಜೋಡಿಸುವ ಅಗ್ಗದ ಪೆಟ್ಟಿಗೆ. ಅದರಲ್ಲಿ 1985ರ ‘ಮಾರಿಯೊ’, ಮತ್ತೆ 1988ರಲ್ಲಿ ಇಂಥ ಪೆಟ್ಟಿಗೆಗೆ ಬಂದ ‘ಕಾಂಟ್ರಾ’. ಹಳೆಯದಾದರೇನು, ನಮಗೆ ಹೊಸದೇ. ಮೊದಲ ಜಾಯ್‌ಸ್ಟಿಕ್ ಅಣ್ಣನದು, ಎರಡನೆಯದು ನನ್ನದು. ಮಾರಿಯೊದಲ್ಲಿ ಮೊದಲಿನವರು ಸತ್ತರೆ ಮಾತ್ರ ಎರಡನೆಯವರಿಗೆ ಪಾಳಿ. ಅಣ್ಣ ಚೆನ್ನಾಗಿ ಆಡಿದಷ್ಟೂ ತಂಗಿ ಕಾಯಬೇಕು. ಅಷ್ಟರಲ್ಲಿ ಅವ್ವ ರೊಟ್ಟಿ ಬಡಿಯಲು ಒಳಗಿಂದ ಕರೆಯುತ್ತಿದ್ದಳು. ಅಣ್ಣನನ್ನು ಕರೆದದ್ದು ನೆನಪಿಲ್ಲ. ಕರೆಂಟು ಹೋದರಂತೂ ಮತ್ತೆ ಮೊದಲಿಂದ, ಅದೂ ಅಣ್ಣನಿಂದಲೇ!

ಕಾಂಟ್ರಾ ಹಾಗಲ್ಲ. ಅಣ್ಣನ ಸಿಪಾಯಿಯ ಪಕ್ಕದಲ್ಲೇ, ಅದೇ ಹೊತ್ತಿಗೆ, ನನ್ನ ಸಿಪಾಯಿಯೂ ಗುಂಡು ಹಾರಿಸುತ್ತಿದ್ದ. ಬರೀ ಹೊಡೆದಾಟ, ಹೆಣ್ಣುಮಕ್ಕಳಿಗೆ ತಕ್ಕುದಲ್ಲ ಎಂದು ಮೂಗು ಮುರಿದವರುಂಟು. ಮಾರಿಯೊದ ರಾಜಕುಮಾರಿ ಎಂಟು ಲೋಕ ಮುಗಿಯುವವರೆಗೂ ಸೆರೆಯಲ್ಲಿ ಕೂತು ದಾರಿ ಕಾಯುತ್ತಾಳಲ್ಲ, ಅದು ತಕ್ಕದ್ದೆ?

ನನ್ನ ಪಟ್ಟಿಯಲ್ಲಿ ಕಾಂಟ್ರಾ ಮೊದಲು, ಮಾರಿಯೊ ಎಷ್ಟೋ ಕೆಳಗೆ. ಜೆಲ್ಡಾ ಒಬ್ಬರೇ ಕೂತು ಆಡುವ ಆಟ. ಒಂದೇ ಟಿ.ವಿ. ಇದ್ದ ನಮ್ಮಂಥ ಮನೆಗಳಿಗೆ ಅದು ಬಂದಿದ್ದರೆ ಆ ಒಬ್ಬರು ಯಾರಾಗಿರುತ್ತಿದ್ದರೆಂದು ನಿಮಗೆ ಹೇಳಬೇಕೆ, ಅಕ್ಕಾ?