ಪೇಸ್‌ಮೇಕರ್ ಹಾಕಿಸಿದರೆ ಮುಗಿಯಲಿಲ್ಲ, ‘ಯಾಕೆ ಬೇಕಾಯಿತು’ ಎಂದು ಕೇಳಿ



ಬೆಳಗ್ಗೆ ಆರು ಗಂಟೆಗೆ ಚೆನ್ನೈನ ಪ್ಯಾರೀಸ್ ಕಾರ್ನರ್‌ಗೆ ಹೋದರೆ ಎಳೆದ ಶಟರ್‌ಗಳೇ ಕಾಣುತ್ತವೆ. ಗೋಡೌನ್ ಸ್ಟ್ರೀಟ್‌ನ ಬಟ್ಟೆ ಅಂಗಡಿ, ಆಂಡರ್ಸನ್ ಸ್ಟ್ರೀಟ್‌ನ ಕಾಗದದ ಅಂಗಡಿ ಎಲ್ಲವೂ ಮುಚ್ಚಿರುತ್ತವೆ. ನಮ್ಮ ಜೀವಕೋಶದೊಳಗೂ ಹೀಗೆಯೇ. ಸುಮಾರು 20,000 ಜೀನ್‌ಗಳಲ್ಲಿ ಹೃದಯಕ್ಕೆ ಬೇಡವಾದವು ಶಟರ್ ಎಳೆದುಕೊಂಡು ಸುಮ್ಮನಿರಬೇಕು.

ಶಟರ್ ನಿಲ್ಲಲು ಗಟ್ಟಿ ಗೋಡೆ ಬೇಕಲ್ಲವೇ? ಅಂಥ ಒಂದು ಗೋಡೆ ‘ಲ್ಯಾಮಿನ್ ಎ/ಸಿ’ ಎಂಬ ಪ್ರೋಟೀನ್. ಕೋಶಕೇಂದ್ರದ ಒಳಗೋಡೆಗೆ ಜಾಲರಿಯಂತೆ ಹಬ್ಬಿ, ಮುಚ್ಚಿರಬೇಕಾದ ಎಷ್ಟೋ ಜೀನ್‌ಗಳನ್ನು ಅಂಚಿನಲ್ಲಿ ಹಿಡಿದಿಡುತ್ತದೆ.

ಇದರಲ್ಲಿ ಹುಟ್ಟಿನಿಂದಲೇ ದೋಷವಿದ್ದರೆ? ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಆ ಎಳೆತಕ್ಕೆ ಗೋಡೆ ಸಡಿಲಾಗುತ್ತದೆ, ತೆರೆಯಬಾರದ ಜೀನ್‌ಗಳು ತೆರೆದುಕೊಳ್ಳುತ್ತವೆ. ಲ್ಯಾಮಿನ್ ದೋಷದಿಂದ ಹೃದಯ ಹಿಗ್ಗಿ ಸೋಲುತ್ತದೆ ಎಂಬುದು 1999ರಲ್ಲಿ ಗೊತ್ತಾಯಿತು. ‘ಪಾ’ ಸಿನಿಮಾದಲ್ಲಿ ಅಮಿತಾಭ್ ಬಚ್ಚನ್ ಪಾತ್ರಕ್ಕಿದ್ದ ಪ್ರೊಜೀರಿಯಾ ಕೂಡ ಇದೇ ಜೀನ್‌ನ ಇನ್ನೊಂದು ದೋಷ.

ಹೃದಯದಲ್ಲಿ ಇದು ಸಾಮಾನ್ಯವಾಗಿ ಮೊದಲು ತೋರುವುದು ನಿಧಾನ ನಾಡಿ, ತಲೆಸುತ್ತು, ಹಾರ್ಟ್ ಬ್ಲಾಕ್. ನೆನಪಿಡಿ, ಇದು ಸ್ಟೆಂಟ್ ಹಾಕುವ ರಕ್ತನಾಳದ ಬ್ಲಾಕ್ ಅಲ್ಲ, ಹೃದಯದ ಕರೆಂಟ್ ಹರಿಯುವ ದಾರಿಯ ಬ್ಲಾಕ್. ನಲವತ್ತರ ಆಸುಪಾಸಿನಲ್ಲೇ ಪೇಸ್‌ಮೇಕರ್ ಬೇಕಾಗಬಹುದು. ಪೇಸ್‌ಮೇಕರ್ ನಿಧಾನವಾದ ನಾಡಿಯನ್ನು ಸರಿಪಡಿಸುತ್ತದೆ, ಆದರೆ ಹಠಾತ್ತಾಗಿ ಹುಚ್ಚುಬಡಿತ ಶುರುವಾದರೆ ತಡೆಯಲಾರದು. ಅದಕ್ಕೆ ಶಾಕ್ ಕೊಡುವ ಐಸಿಡಿ ಎಂಬ ಸಾಧನವೇ ಬೇಕು. ಆದ್ದರಿಂದ ಕಾರಣ ಮೊದಲೇ ತಿಳಿದರೆ ಚಿಕಿತ್ಸೆಯೇ ಬೇರೆಯಾಗಬಹುದು.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ನಮ್ಮ ಮನೆಗಳಲ್ಲಿ ‘ಚಿಕ್ಕಪ್ಪ ಮಲಗಿದಲ್ಲೇ ಹೋದರು, ಅವರ ಆಯುಸ್ಸು ಅಷ್ಟೇ’ ಎಂದು ಮಾತು ಮುಗಿಸುತ್ತೇವೆ. ಮಕ್ಕಳ ಮದುವೆ ಸಂಬಂಧ ಕೆಟ್ಟೀತೆಂದು ಡಾಕ್ಟರ ಮುಂದೆಯೂ ಬಾಯಿ ಬಿಡುವುದಿಲ್ಲ. ಈ ದೋಷ ಅಪ್ಪ ಅಥವಾ ಅಮ್ಮನಲ್ಲಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇ. 50. ಗಂಡು, ಹೆಣ್ಣು ಎಂಬ ಭೇದವಿಲ್ಲ. ಮುಚ್ಚಿಟ್ಟರೆ ಆ ಮಕ್ಕಳಿಗೇ ಅಪಾಯ.

ಎಲ್ಲರೂ ಜೀನ್ ಪರೀಕ್ಷೆಗೆ ಓಡಬೇಕಾಗಿಲ್ಲ. ಆದರೆ ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲಿ ಪೇಸ್‌ಮೇಕರ್, ಹೃದಯ ಹಿಗ್ಗುವಿಕೆ ಅಥವಾ ಹಠಾತ್ ಸಾವು ಆಗಿದ್ದರೆ:

✅ ಯಾರಿಗೆ, ಯಾವ ವಯಸ್ಸಿನಲ್ಲಿ ಏನಾಯಿತು ಎಂದು ಬರೆದಿಡಿ.
✅ ಒಡಹುಟ್ಟಿದವರು, ಮಕ್ಕಳು ಇಸಿಜಿ, ಎಕೋ ಮಾಡಿಸಿ. ಒಮ್ಮೆ ನಾರ್ಮಲ್ ಬಂದಿತೆಂದು ಬಿಡಬೇಡಿ.
✅ ‘ಜೀನ್ ಪರೀಕ್ಷೆ ಬೇಕೇ?’ ಎಂದು ನಿಮ್ಮ ಡಾಕ್ಟರನ್ನು ಕೇಳಿ.

ಈ ಸಂದೇಶವನ್ನು ಮೊದಲು ನಿಮ್ಮ ಕುಟುಂಬದ ಗ್ರೂಪಿಗೆ ಕಳಿಸಿ. ಉತ್ತರ ಗೊತ್ತಿರುವ ಹಿರಿಯರು ಅಲ್ಲೇ ಇರುತ್ತಾರೆ.

– ಹೃದ್ರೋಗ ತಜ್ಞ, ಎಂ.ಡಿ., ಚೆನ್ನೈ