ಕೋಹ್ಲರ್ ಊರಿನ ಗಾಲ್ಫ್ ದೊರೆ

ಬೆಂಗಳೂರಿನ ಬಚ್ಚಲುಮನೆಗಳ ನಲ್ಲಿಯ ಮೇಲೂ ಕಾಣುವ ಹೆಸರು ಕೋಹ್ಲರ್. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಅದೇ ಹೆಸರಿನ ಪುಟ್ಟ ಊರೂ ಇದೆ.

1972ರಲ್ಲಿ, ಆ ನಲ್ಲಿಗಳನ್ನು ತಯಾರಿಸುವ ಕುಟುಂಬದ ಕಂಪನಿಯ ಚುಕ್ಕಾಣಿ ಹಿಡಿದ ಹರ್ಬರ್ಟ್ ಕೋಹ್ಲರ್, ವಲಸೆ ಕಾರ್ಮಿಕರಿಗೆಂದು 1918ರಲ್ಲಿ ಕಟ್ಟಿದ್ದ ವಸತಿಗೃಹವನ್ನು ಐಷಾರಾಮಿ ಹೋಟೆಲ್ ಮಾಡಿದರು. ಬಂದ ಅತಿಥಿಗಳು ಗಾಲ್ಫ್ ಕೇಳಿದರು. 1998ರಲ್ಲಿ ಮಿಷಿಗನ್ ಸರೋವರದ ದಂಡೆಯಲ್ಲಿ ವಿಸ್ಲಿಂಗ್ ಸ್ಟ್ರೇಟ್ಸ್ ಮೈದಾನ ತೆರೆಯಿತು. ಸೇನೆಯ ಹಳೆಯ ತರಬೇತಿ ನೆಲೆಯ ಚಪ್ಪಟೆ ನೆಲಕ್ಕೆ ಲೋಡುಗಟ್ಟಲೆ ಮಣ್ಣು ಸುರಿಸಿ, ವಿನ್ಯಾಸಕಾರ ಪೀಟ್ ಡೈ ಐರ್ಲೆಂಡಿನ ಕಡಲದಂಡೆಯಂಥ ದಿಬ್ಬಗಳನ್ನು ಎಬ್ಬಿಸಿದರು. ಕಪ್ಪುಮೂತಿಯ ಸ್ಕಾಟಿಷ್ ಕುರಿಗಳು ಅಲ್ಲಿ ಮೇಯುತ್ತವೆ. 2021ರಲ್ಲಿ ರೈಡರ್ ಕಪ್ ಗಾಲ್ಫ್ ಪಂದ್ಯಾವಳಿ ಕೂಡ ಅಲ್ಲೇ ನಡೆಯಿತು. ಪಾಳುನೆಲವನ್ನು ಹೀಗೆ ಬೆಳೆಸಿದ್ದು ನಿಜಕ್ಕೂ ದೊಡ್ಡ ಸಾಧನೆ.

ಮುಂದಿನ ಮೈದಾನದ ಕಥೆ ಬೇರೆ. ಅದಕ್ಕೆ ಆರಿಸಿದ್ದು ಸರೋವರದಂಡೆಯ ಕಾಡು. ಪಕ್ಕದ ಸರ್ಕಾರಿ ಉದ್ಯಾನದ ಒಂದಿಷ್ಟು ಜಾಗವನ್ನೂ ಕಂಪನಿ ಕೇಳಿತು. ಇಬ್ಬರು ಗವರ್ನರ್‌ಗಳನ್ನು ಕೊಟ್ಟ ಮನೆತನವಿದು, ರಿಪಬ್ಲಿಕನ್ ಪಕ್ಷಕ್ಕೆ ಈ ಮನೆತನದವರ ದೇಣಿಗೆಯೂ ಸಂದಿದೆ. ಹಾಗಿದ್ದೂ ನೆರೆಹೊರೆಯವರು ಎದೆಗುಂದಲಿಲ್ಲ. ಜೌಗು ನೆಲ ತುಂಬಲು 2018ರಲ್ಲಿ ಸಿಕ್ಕಿದ್ದ ಪರವಾನಗಿಯನ್ನು ಅವರು ಪ್ರಶ್ನಿಸಿದರು. ಮರುವರ್ಷ ಆಡಳಿತ ನ್ಯಾಯಾಧೀಶರು ಅದನ್ನು ರದ್ದುಮಾಡಿದರು. ಅರ್ಜಿದಾರರ ಹೆಸರು ಎಷ್ಟೇ ದೊಡ್ಡದಿರಲಿ, ಸಾರ್ವಜನಿಕ ಜಾಗದ ಮಾತು ಬಂದಾಗ ಇಂಥ ಪರಿಶೀಲನೆ ನಡೆಯಲೇಬೇಕು.

2022ರ ಸೆಪ್ಟೆಂಬರಿನಲ್ಲಿ ಹರ್ಬರ್ಟ್ ತೀರಿಕೊಂಡಾಗ ಆ ಮೈದಾನ ಇನ್ನೂ ಕಾಗದದ ಮೇಲೇ ಇತ್ತು.